ಕೊರ್ಫು ಜಲಸಂಧಿ: ಹಾದು ಹೋಗುವವರ ಹಕ್ಕು

ಉತ್ತರ ಕನ್ನಡದ ನಮ್ಮ ಕಡೆ ಒಬ್ಬರ ಅಡಿಕೆ ತೋಟದ ನಡುವಿನಿಂದ ಇನ್ನೊಬ್ಬರ ಮನೆಗೆ ಕಾಲುದಾರಿ ಇರುವುದು ವಿಶೇಷವೇನಲ್ಲ. ದಾರಿಯ ಎರಡೂ ತುದಿಗೆ ತಡಮೆ. ದನ ನುಗ್ಗಬಾರದು, ಮನುಷ್ಯ ದಾಟಬಹುದು. ತೋಟ ಯಾರದೆಂಬುದರ ಬಗ್ಗೆ ಯಾರಿಗೂ ಅನುಮಾನವಿಲ್ಲ. ಹಾಗೆಂದು ದಾಟುವವನು ಪ್ರತಿ ಸಲ ಯಜಮಾನನನ್ನು ಕೂಗಿ ಕರೆದು ಅಪ್ಪಣೆ ಕೇಳುವುದೂ ಇಲ್ಲ. ಬಿದ್ದ ಅಡಿಕೆ ಹೆಕ್ಕಬಾರದು, ಬಚ್ಚಲ ಕಡೆ ಇಣುಕಬಾರದು, ನಡುದಾರಿಯಲ್ಲಿ ಕೂತು ಹರಟೆ ಹೊಡೆಯಬಾರದು. ಸುಮ್ಮನೆ ನಡೆದು ಆಚೆ ಹೋಗಬೇಕು. ಬರೆದಿಡದ ಈ ಒಪ್ಪಂದಕ್ಕೆ ಕಡಲಿನಲ್ಲಿ ಒಂದು ದೊಡ್ಡ ಹೆಸರಿದೆ: ಇನ್ನೊಸೆಂಟ್ ಪ್ಯಾಸೇಜ್.

ಇದನ್ನು ಕನ್ನಡದಲ್ಲಿ ಏನೆನ್ನಬೇಕು? 'ಮುಗ್ಧ ಸಂಚಾರ' ಎಂದರೆ ನಗು ಬರುತ್ತದೆ. ಸಾವಿರಾರು ಟನ್ ತೂಕದ ಯುದ್ಧನೌಕೆಯಲ್ಲಿ ಮುಗ್ಧತೆ ಎಲ್ಲಿಂದ ಬರಬೇಕು? ಆದರೆ ಈ ಪದದ ಲ್ಯಾಟಿನ್ ಬೇರಿನಲ್ಲಿ ಮುಗ್ಧತೆಯ ಮಾತೇ ಇಲ್ಲ, 'ಹಾನಿ ಮಾಡದ' ಎಂಬಷ್ಟೇ ಅರ್ಥ. ಹಾಗಾಗಿ 'ನಿರುಪದ್ರವ ಸಂಚಾರ' ಎನ್ನೋಣ. ಹಡಗಿನ ಮನಸ್ಸಿನಲ್ಲಿ ಏನಿದೆ ಎನ್ನುವುದಕ್ಕಿಂತ ಅದು ಉಪದ್ರವ ಕೊಟ್ಟಿತೋ ಇಲ್ಲವೋ ಎನ್ನುವುದು ಇಲ್ಲಿನ ಪ್ರಶ್ನೆ. ಮನಸ್ಸನ್ನು ನಡತೆಯಿಂದ ಬೇರ್ಪಡಿಸುವುದು ಎಷ್ಟು ಕಷ್ಟ ಎನ್ನುವುದಕ್ಕೆ ಅಂತಾರಾಷ್ಟ್ರೀಯ ನ್ಯಾಯಾಲಯ ಕೈಗೆತ್ತಿಕೊಂಡ ಮೊಟ್ಟಮೊದಲ ವ್ಯಾಜ್ಯವೇ ಸಾಕ್ಷಿ. ಅದರ ಕಥೆ ಹೇಳಬೇಕೆಂದೇ ಈ ಬರಹ.

ಮೊದಲು ಒಂಚೂರು ಹಿನ್ನೆಲೆ. ಸಮುದ್ರಕ್ಕೆ ಬೇಲಿ ಹಾಕಬಹುದೇ ಎಂಬ ಜಗಳದ ಒಂದು ತುದಿ ನಮ್ಮ ಕರಾವಳಿಯಲ್ಲೇ ಇದೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಹಿಂದೂ ಮಹಾಸಾಗರದಲ್ಲಿ 'ಕಾರ್ತಾಜ್' ಎಂಬ ರಹದಾರಿ ಪತ್ರ ಜಾರಿಗೆ ತಂದರು. ಹೊನ್ನಾವರ, ಭಟ್ಕಳದಂಥ ಬಂದರುಗಳ ವ್ಯಾಪಾರಿಗಳು ತಲೆಮಾರುಗಳಿಂದ ಓಡಾಡಿದ ಕಡಲಿನಲ್ಲೇ ಪರದೇಶಿಯ ಚೀಟಿ ಹಿಡಿದು ಸಾಗಬೇಕಾಯಿತು. ಚೀಟಿ ಇಲ್ಲದ ಹಡಗಿನ ಸರಕು ಮುಟ್ಟುಗೋಲಾಗುತ್ತಿತ್ತು. ಪೂರ್ವದ ಸಮುದ್ರಗಳ ಮೇಲೆ ಪೋರ್ಚುಗೀಸರು ಸಾರಿಕೊಂಡ ಈ ಒಡೆತನವನ್ನು ಪ್ರಶ್ನಿಸಿಯೇ ಡಚ್ ವಕೀಲ ಹ್ಯೂಗೊ ಗ್ರೋಷಿಯಸ್ 1609ರಲ್ಲಿ 'ಮಾರೆ ಲಿಬೆರಮ್' ಪ್ರಕಟಿಸಿದ. ಸಮುದ್ರ ಯಾರ ಸ್ವತ್ತೂ ಅಲ್ಲ ಎಂಬುದು ಅವನ ವಾದ. ಅವನೇನೂ ನಿಸ್ವಾರ್ಥಿಯಲ್ಲ. ಡಚ್ ಈಸ್ಟ್ ಇಂಡಿಯಾ ಕಂಪನಿ ಅವನ ಕಕ್ಷಿದಾರ. ಸಿಂಗಪುರದ ಬಳಿ 1603ರಲ್ಲಿ ಡಚ್ಚರು ವಶಪಡಿಸಿಕೊಂಡ 'ಸಾಂತಾ ಕತರಿನಾ' ಎಂಬ ಪೋರ್ಚುಗೀಸ್ ಹಡಗಿನ ಲೂಟಿಗೆ ಸಮರ್ಥನೆ ಬೇಕಾಗಿತ್ತು. ಕಡಲ ಕಾನೂನಿನಲ್ಲಿ ಉದಾತ್ತ ತತ್ವವೂ ಯಾರದೋ ಗಲ್ಲಾಪೆಟ್ಟಿಗೆಯೂ ಹೀಗೆ ಮೊದಲಿನಿಂದಲೂ ಅಕ್ಕಪಕ್ಕ ಕೂತಿವೆ.

ಕಡಲೆಲ್ಲ ಮುಕ್ತ ಎಂದರೆ ದಡದಲ್ಲಿರುವವನ ಗತಿ? ಇನ್ನೊಬ್ಬ ಡಚ್ ಪಂಡಿತ ಬಿಂಕರ್ಶೂಕ್ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಒಂದು ಸರಳ ಸೂತ್ರ ಕೊಟ್ಟ. ನೆಲದ ಅಧಿಕಾರ ಆಯುಧದ ಬಲ ಮುಗಿಯುವಲ್ಲಿ ಮುಗಿಯುತ್ತದೆ. ಅಂದರೆ ದಡದ ಫಿರಂಗಿಯ ಗುಂಡು ಬೀಳುವಷ್ಟು ದೂರದ ನೀರು ದಡದವನದು. ಇಟಲಿಯ ಗಲಿಯಾನಿ 1782ರಲ್ಲಿ ಅದನ್ನು ಮೂರು ಮೈಲಿ ಎಂದು ಲೆಕ್ಕಹಾಕಿದ. ಈ ಪಟ್ಟಿಯೇ ಪ್ರಾದೇಶಿಕ ಸಮುದ್ರ. ಅದು ದಡದ ದೇಶದ್ದೇ, ಆದರೆ ಉಪದ್ರವ ಕೊಡದೆ ಹಾದು ಹೋಗುವ ಪರದೇಶಿ ಹಡಗನ್ನು ತಡೆಯುವಂತಿಲ್ಲ ಎಂಬ ರೂಢಿ ನಿಧಾನಕ್ಕೆ ಬೆಳೆಯಿತು. ವ್ಯಾಪಾರಿ ಹಡಗುಗಳ ಬಗ್ಗೆ ಹೆಚ್ಚು ತಕರಾರಿರಲಿಲ್ಲ. ಯುದ್ಧನೌಕೆಗೂ ಈ ಹಕ್ಕು ಇದೆಯೇ ಎಂಬುದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

ಈಗ ಕೊರ್ಫುವಿಗೆ ಬರೋಣ. ಕೊರ್ಫು ಗ್ರೀಸಿನ ದ್ವೀಪ. ಅದರ ಉತ್ತರ ಭಾಗದ ಎದುರಿಗೇ ಅಲ್ಬೇನಿಯಾದ ತೀರ. ನಡುವಿನ ಜಲಸಂಧಿ ಅತಿ ಕಿರಿದಾದ ಕಡೆ ಎರಡು ಕಿಲೋಮೀಟರಿನ ಆಸುಪಾಸು. ಹಡಗಿನ ದಾರಿ ಕೆಲವೆಡೆ ಅಲ್ಬೇನಿಯಾದ ನೀರಿನೊಳಗೇ ಸಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಸಿಡಿಮದ್ದುಗಳಿದ್ದವು. ಬ್ರಿಟಿಷ್ ನೌಕಾಪಡೆ 1944ರ ಅಕ್ಟೋಬರಿನಲ್ಲಿ ಒಂದು ಪಥವನ್ನು ಶುಚಿಗೊಳಿಸಿತು, 1945ರ ಆರಂಭದಲ್ಲಿ ಮತ್ತೆ ಜಾಲಾಡಿತು, ಏನೂ ಸಿಗಲಿಲ್ಲ. ದಾರಿ ಸುರಕ್ಷಿತ ಎಂದಾಯಿತು.

ಸುರಕ್ಷಿತವಾಗದೆ ಉಳಿದದ್ದು ರಾಜಕಾರಣ. ಅಲ್ಬೇನಿಯಾದಲ್ಲಿ ಎನ್ವರ್ ಹೋಜಾನ ಕಮ್ಯುನಿಸ್ಟ್ ಸರ್ಕಾರ ಬಂದಿತ್ತು. ಗ್ರೀಸ್ ಅಲ್ಬೇನಿಯಾದ ದಕ್ಷಿಣ ಭಾಗ ತನ್ನದೆನ್ನುತ್ತಿತ್ತು, ತಾಂತ್ರಿಕವಾಗಿ ತಾನಿನ್ನೂ ಅದರೊಡನೆ ಯುದ್ಧದಲ್ಲಿದ್ದೇನೆ ಎಂದೂ ಹೇಳುತ್ತಿತ್ತು. ಬ್ರಿಟನ್ ಗ್ರೀಸಿನ ಬೆನ್ನಿಗಿತ್ತು. ಬಡ, ಪುಟ್ಟ, ಸುತ್ತಲೂ ಅನುಮಾನದಿಂದ ನೋಡುವ ದೇಶವೊಂದರ ಅಂಗಳದಲ್ಲಿ ಜಗತ್ತಿನ ದೊಡ್ಡ ನೌಕಾಪಡೆ ಓಡಾಡುತ್ತಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಅರ್ಥವಾಗುತ್ತದೆ.

ಮೇ 15, 1946ರಂದು ಒರಾಯನ್ ಮತ್ತು ಸುಪರ್ಬ್ ಎಂಬ ಎರಡು ಬ್ರಿಟಿಷ್ ಕ್ರೂಸರುಗಳು ಜಲಸಂಧಿಯಲ್ಲಿ ಸಾಗುತ್ತಿದ್ದಾಗ ಅಲ್ಬೇನಿಯಾದ ತೀರದ ಫಿರಂಗಿಗಳು ಗುಂಡು ಹಾರಿಸಿದವು. ಏಟು ಬೀಳಲಿಲ್ಲ. ಬ್ರಿಟನ್ ಕ್ಷಮೆ ಕೇಳಲು ಹೇಳಿತು. ಮೊದಲೇ ತಿಳಿಸಿ ಅಪ್ಪಣೆ ಪಡೆಯದೆ ನಮ್ಮ ನೀರಿಗೆ ಬರಬೇಡಿ ಎಂದಿತು ಅಲ್ಬೇನಿಯಾ. ಇನ್ನೊಮ್ಮೆ ಗುಂಡು ಹಾರಿದರೆ ನಮ್ಮ ಹಡಗುಗಳೂ ಹಾರಿಸುತ್ತವೆ ಎಂದು ಆಗಸ್ಟಿನಲ್ಲಿ ಬ್ರಿಟನ್ ಉತ್ತರ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಲಂಡನ್ನಿನ ಅಡ್ಮಿರಾಲ್ಟಿಯಿಂದ ಮೆಡಿಟರೇನಿಯನ್ನಿನ ಸೇನಾಧಿಪತಿಗೆ ಒಂದು ತಂತಿ ಹೋಯಿತು. ಅಲ್ಬೇನಿಯಾ ಸರ್ಕಾರ ಸರಿಯಾಗಿ ನಡೆದುಕೊಳ್ಳುವುದನ್ನು ಕಲಿತಿದೆಯೇ ಎಂದು ತಿಳಿಯಬೇಕಾಗಿದೆ, ನಿಮ್ಮ ಹಡಗುಗಳು ಆ ಜಲಸಂಧಿಯಲ್ಲಿ ಇತ್ತೀಚೆಗೆ ಹಾದಿವೆಯೇ, ಇಲ್ಲವಾದರೆ ಸದ್ಯದಲ್ಲೇ ಹಾಯುವ ಉದ್ದೇಶವಿದೆಯೇ ಎಂಬುದು ಅದರ ಸಾರ. ಮೇಷ್ಟ್ರು ತುಂಟ ಹುಡುಗನ ಬಗ್ಗೆ ವಿಚಾರಿಸುವ ಧಾಟಿ.

ಅಕ್ಟೋಬರ್ 22, 1946. ಮಾರಿಷಸ್, ಲಿಯಾಂಡರ್ ಎಂಬ ಕ್ರೂಸರುಗಳು, ಸೋಮರೇಜ್, ವೊಲೇಜ್ ಎಂಬ ಡಿಸ್ಟ್ರಾಯರುಗಳು ಕೊರ್ಫು ಬಂದರಿನಿಂದ ಉತ್ತರಕ್ಕೆ ಹೊರಟವು. ಫಿರಂಗಿಗಳು ದಡದತ್ತ ತಿರುಗಿರಲಿಲ್ಲ, ಹಡಗಿನ ಉದ್ದಕ್ಕೆ ನೇರವಾಗಿದ್ದವು. ಆದರೆ ಸಿಬ್ಬಂದಿ ಯುದ್ಧಸ್ಥಾನಗಳಲ್ಲಿ ಸಿದ್ಧವಾಗಿದ್ದರು. ಮಧ್ಯಾಹ್ನ ಮೂರು ಗಂಟೆಗೆ ತುಸು ಮೊದಲು, ಸರಾಂಡಾ ಕೊಲ್ಲಿಯ ಬಳಿ, ಸೋಮರೇಜ್ ಸಿಡಿಮದ್ದಿಗೆ ತಾಗಿ ಹೊತ್ತಿ ಉರಿಯಿತು. ಅದನ್ನು ಎಳೆದೊಯ್ಯಲು ಬಂದ ವೊಲೇಜ್ ನಾಲ್ಕೂಕಾಲರ ಹೊತ್ತಿಗೆ ಇನ್ನೊಂದಕ್ಕೆ ತಾಗಿತು. ಅದರ ಮುಂಭಾಗವೇ ಹಾರಿಹೋಯಿತು. ಮೂತಿ ಇಲ್ಲದ ಆ ಹಡಗು ಹಿಮ್ಮುಖವಾಗಿ ಚಲಿಸುತ್ತ ಸೋಮರೇಜನ್ನು ಕೊರ್ಫುವಿಗೆ ಎಳೆದು ತಂದಿತು. ನಲವತ್ತಕ್ಕೂ ಹೆಚ್ಚು ನಾವಿಕರು ಸತ್ತರು, ನಲವತ್ತೆರಡು ಮಂದಿ ಗಾಯಗೊಂಡರು. ಯುದ್ಧ ಮುಗಿದು ಒಂದು ವರ್ಷ ಕಳೆದಿತ್ತು. ಅಷ್ಟೂ ವರ್ಷ ಬದುಕಿ ಉಳಿದವರು ಶಾಂತಿಕಾಲದ ಒಂದು ಮಧ್ಯಾಹ್ನ, ಸುರಕ್ಷಿತ ಎಂದು ಗುರುತಿಸಿದ್ದ ದಾರಿಯಲ್ಲಿ ಹೋದರು.

ನವೆಂಬರ್ 12 ಮತ್ತು 13ರಂದು ಬ್ರಿಟಿಷ್ ನೌಕಾಪಡೆ, ಅಲ್ಬೇನಿಯಾ ಬೇಡವೆಂದರೂ ಕೇಳದೆ, ಅದರ ನೀರಿನೊಳಗೆ ನುಗ್ಗಿ ದಾರಿಯನ್ನು ಜಾಲಾಡಿತು. ಆಪರೇಷನ್ ರೀಟೇಲ್ ಎಂಬುದು ಈ ಕಾರ್ಯಾಚರಣೆಯ ಹೆಸರು. ಇಪ್ಪತ್ತೆರಡು ಜರ್ಮನ್ ತಯಾರಿಕೆಯ ಸಿಡಿಮದ್ದುಗಳು ಸಿಕ್ಕವು. ಎರಡನ್ನು ಮಾಲ್ಟಾಕ್ಕೆ ಒಯ್ದು ಪರೀಕ್ಷಿಸಿದರು. ಯುದ್ಧಕಾಲದ ಪಳೆಯುಳಿಕೆಗಳಲ್ಲ, ಇತ್ತೀಚೆಗೆ ಹಾಕಿದವು ಎಂಬ ತೀರ್ಮಾನಕ್ಕೆ ಬಂದರು.

ಬ್ರಿಟನ್ ಭದ್ರತಾ ಮಂಡಳಿಗೆ ಹೋಯಿತು. ಅಲ್ಬೇನಿಯಾವನ್ನು ಹೊಣೆಯಾಗಿಸುವ ಗೊತ್ತುವಳಿಗೆ ಸೋವಿಯತ್ ಒಕ್ಕೂಟ ವೀಟೋ ಹಾಕಿತು. ಕೊನೆಗೆ ಏಪ್ರಿಲ್ 9, 1947ರಂದು ಮಂಡಳಿ, ಇಬ್ಬರೂ ಹೊಸ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ಎಂದು ಶಿಫಾರಸು ಮಾಡಿತು. ಹೇಗ್‌ನಲ್ಲಿ ಬ್ರಿಟನ್ ಪರ ಹಾರ್ಟ್ಲಿ ಶಾಕ್ರಾಸ್ ಇದ್ದರು. ನ್ಯೂರೆಂಬರ್ಗ್‌ನಲ್ಲಿ ನಾಜಿಗಳ ವಿರುದ್ಧ ವಾದಿಸಿದ್ದವರು ಅವರೇ. ಅಲ್ಬೇನಿಯಾ ಪರ ಫ್ರಾನ್ಸಿನ ಮಾಜಿ ಮಂತ್ರಿ ಪಿಯೆರ್ ಕಾಟ್. ಮುಖ್ಯ ತೀರ್ಪು ಬಂದದ್ದು ಏಪ್ರಿಲ್ 9, 1949ರಂದು.

ಮೊದಲ ಪ್ರಶ್ನೆ: ಸಿಡಿಮದ್ದಿಗೆ ಯಾರು ಹೊಣೆ? ಅಲ್ಬೇನಿಯಾದ ಬಳಿ ಅವನ್ನು ಹಾಕುವ ಹಡಗುಗಳೇ ಇರಲಿಲ್ಲ. ಯುಗೊಸ್ಲಾವಿಯಾದ ಹಡಗುಗಳು ಹಾಕಿದವೆಂದು ಬ್ರಿಟನ್ ಒಬ್ಬ ಸಾಕ್ಷಿಯನ್ನು ತಂದಿತು. ಅದು ಸಾಬೀತಾಗಲಿಲ್ಲ ಎಂದಿತು ನ್ಯಾಯಾಲಯ. ಇಂದಿಗೂ ನ್ಯಾಯಾಲಯದ ದಾಖಲೆಯಲ್ಲಿ ಹಾಕಿದವನ ಹೆಸರು ಖಾಲಿ. ಆದರೂ ಅಲ್ಬೇನಿಯಾ ಹೊಣೆ ಎಂದು 11-5 ಬಹುಮತದ ತೀರ್ಪು ಬಂತು. ಹೇಗೆ?

ಇಲ್ಲಿನ ತರ್ಕ ನನ್ನಂಥವನಿಗೆ ಬಹಳ ಆಪ್ತ. ನಮ್ಮ ಕೆಲಸದಲ್ಲಿ ಸಿಸ್ಟಮ್ ಕುಸಿದಾಗ 'ಯಾರು ಮಾಡಿದರು' ಎಂಬುದಕ್ಕೆ ಎಷ್ಟೋ ಸಲ ನೇರ ಉತ್ತರ ಸಿಗುವುದಿಲ್ಲ. ಆದರೆ ಮಾನಿಟರಿಂಗ್ ಯಾರ ಕೈಯಲ್ಲಿತ್ತು, ಅಲರ್ಟ್ ಕಾಣದೇ ಇರಲು ಸಾಧ್ಯವಿತ್ತೇ, ಘಟನೆಯ ನಂತರ ಅವರು ಹೇಗೆ ನಡೆದುಕೊಂಡರು ಎಂದು ಕೇಳುತ್ತಾ ಹೋದರೆ ಚಿತ್ರ ಮೂಡುತ್ತದೆ. ನ್ಯಾಯಾಲಯ ಮಾಡಿದ್ದೂ ಅದನ್ನೇ. ತನ್ನ ನೆಲ-ನೀರಿನ ಮೇಲೆ ಹಿಡಿತವಿದೆ ಎಂಬ ಮಾತ್ರಕ್ಕೆ ಒಂದು ದೇಶಕ್ಕೆ ಎಲ್ಲವೂ ಗೊತ್ತಿತ್ತು ಎನ್ನಲಾಗದು. ಆದರೆ ಆ ಹಿಡಿತದಿಂದಾಗಿಯೇ ಪೆಟ್ಟು ತಿಂದವನಿಗೆ ನೇರ ಸಾಕ್ಷ್ಯ ಕಲೆಹಾಕಲು ಆಗುವುದಿಲ್ಲ. ಆದ್ದರಿಂದ ಸಾಂದರ್ಭಿಕ ಸಾಕ್ಷ್ಯಕ್ಕೆ ಹೆಚ್ಚು ಜಾಗ ಕೊಡಬೇಕು, ಸಂಶಯಕ್ಕೆ ಎಡೆಯಿಲ್ಲದಂತಿರಬೇಕು ಅಷ್ಟೆ. ನಾರ್ವೆ, ಸ್ವೀಡನ್, ನೆದರ್ಲೆಂಡ್ಸಿನ ನೌಕಾ ಅಧಿಕಾರಿಗಳನ್ನು ತಜ್ಞರಾಗಿ ನೇಮಿಸಲಾಯಿತು. ಸರಾಂಡಾಕ್ಕೆ ಹೋಗಿ ರಾತ್ರಿ ಪ್ರಯೋಗ ಮಾಡಿ ನೋಡಿ ಬಂದು ಅವರು ಹೇಳಿದ್ದು: ತೀರಕ್ಕೆ ಅಷ್ಟು ಹತ್ತಿರ ಸಿಡಿಮದ್ದು ಹಾಕುವುದು ಕಾವಲಿನವರಿಗೆ ಕಾಣದೆ, ಕೇಳದೆ ಇರುವುದು ಅಸಾಧ್ಯ. ಮೇಲಾಗಿ ಅಲ್ಬೇನಿಯಾ ತನ್ನ ನೀರಿನಲ್ಲಿ ಯಾರೋ ಸಿಡಿಮದ್ದು ಹಾಕಿದರೆಂದು ಸಿಟ್ಟಾಗಲಿಲ್ಲ, ಹಡಗುಗಳು ಬಂದವೆಂದು ಸಿಟ್ಟಾಯಿತು. ಗೊತ್ತಿದ್ದವನ ನಡತೆ ಅದು.

ಗೊತ್ತಿದ್ದರೆ ಎಚ್ಚರಿಸಬೇಕಿತ್ತು. ಎಲ್ಲ ಹಡಗುಗಳಿಗೂ ಸಾರ್ವಜನಿಕ ಸೂಚನೆ ಕೊಡಬೇಕಿತ್ತು, ಅದಕ್ಕೆ ಸಮಯವಿರದಿದ್ದರೆ ಹತ್ತಿರ ಬರುತ್ತಿದ್ದ ಹಡಗುಗಳಿಗಾದರೂ ಸಂಜ್ಞೆ ಮಾಡಬೇಕಿತ್ತು. ಇದಕ್ಕೆ ನ್ಯಾಯಾಲಯ ಕೊಟ್ಟ ಆಧಾರ ಯುದ್ಧಕಾಲದ ಒಪ್ಪಂದಗಳಲ್ಲ, ಪ್ರಾಥಮಿಕ ಮಾನವೀಯತೆ. ಅದು ಯುದ್ಧಕ್ಕಿಂತ ಶಾಂತಿಕಾಲದಲ್ಲಿ ಇನ್ನೂ ಕಟ್ಟುನಿಟ್ಟು ಎಂದಿತು. ತನ್ನ ನೆಲವನ್ನು ಇತರರಿಗೆ ಕೇಡು ಮಾಡಲು ಬಳಸುವುದಕ್ಕೆ ಗೊತ್ತಿದ್ದೂ ಬಿಡಬಾರದು ಎಂಬುದನ್ನು ಎಲ್ಲ ದೇಶಗಳ ಕರ್ತವ್ಯವೆಂದು ಬರೆಯಿತು.

ಎರಡನೆಯ ಪ್ರಶ್ನೆ ನಮ್ಮ ತಡಮೆಯದು. ಅಕ್ಟೋಬರ್ 22ರ ಸಂಚಾರ ನಿರುಪದ್ರವವೇ? ದ್ವೀಪವನ್ನು ಸುತ್ತಿ ಹೋಗಲು ಬೇರೆ ದಾರಿಯಿದೆ, ಇದು ಅನಿವಾರ್ಯವಲ್ಲ ಎಂದಿತ್ತು ಅಲ್ಬೇನಿಯಾ. ಅನಿವಾರ್ಯತೆ ಮುಖ್ಯವಲ್ಲ ಎಂದಿತು ನ್ಯಾಯಾಲಯ. ಎರಡು ತೆರೆದ ಸಮುದ್ರಗಳನ್ನು ಜೋಡಿಸುವ, ಅಂತಾರಾಷ್ಟ್ರೀಯ ಸಂಚಾರಕ್ಕೆ ಬಳಕೆಯಲ್ಲಿರುವ ಜಲಸಂಧಿಯಲ್ಲಿ ಶಾಂತಿಕಾಲದಲ್ಲಿ ಯುದ್ಧನೌಕೆಗಳೂ ಅಪ್ಪಣೆ ಇಲ್ಲದೆ ಹಾಯಬಹುದು. ಗ್ರೀಸಿನ ಜೊತೆಗಿನ ಬಿಕ್ಕಟ್ಟಿನಿಂದಾಗಿ ಅಲ್ಬೇನಿಯಾ ಕೆಲವು ನಿಯಮ ಹಾಕಬಹುದಿತ್ತು, ಆದರೆ ದಾರಿಯನ್ನೇ ಮುಚ್ಚುವಂತಿಲ್ಲ, ವಿಶೇಷ ಅಪ್ಪಣೆ ಬೇಕೆನ್ನುವಂತಿಲ್ಲ.

ಇನ್ನು ಆ ತಂತಿಯ ಸಂಗತಿ. ಅಲ್ಬೇನಿಯಾದ ನಡತೆಯನ್ನು ಪರೀಕ್ಷಿಸುವುದೂ ಹಡಗುಗಳ ಉದ್ದೇಶವಾಗಿತ್ತು ಎಂದು ನ್ಯಾಯಾಲಯ ಒಪ್ಪಿತು. ಅಂದಿನ ಕಾರ್ಯಾಚರಣೆಯ ಒಂದು ಆದೇಶಪತ್ರವನ್ನು ಬ್ರಿಟನ್ ನೌಕಾ ರಹಸ್ಯವೆಂದು ನ್ಯಾಯಾಲಯಕ್ಕೇ ಕೊಡಲಿಲ್ಲ. ಅದೂ ಬ್ರಿಟನ್ ವಿರುದ್ಧ ಎಣಿಕೆಯಾಗಲಿಲ್ಲ. ಅನ್ಯಾಯವಾಗಿ ನಿರಾಕರಿಸಿದ ಹಕ್ಕನ್ನು ಚಲಾಯಿಸಿ ತೋರಿಸುವುದು ತಪ್ಪಲ್ಲ, ಹಾದು ಹೋದ ರೀತಿ ನಿರುಪದ್ರವವಾಗಿದ್ದರೆ ಸಾಕು ಎಂದು 14-2ರ ತೀರ್ಪು. ತಡಮೆಯ ಭಾಷೆಯಲ್ಲಿ ಹೇಳುವುದಾದರೆ, ಯಜಮಾನ ಬಯ್ಯುತ್ತಾನೋ ಇಲ್ಲವೋ ನೋಡಲೆಂದೇ ನಾಲ್ವರು ಜಟ್ಟಿಗಳು ಬೆತ್ತ ಹಿಡಿದು ತೋಟದ ದಾರಿಯಲ್ಲಿ ನಡೆದರೂ, ಬೆತ್ತ ಎತ್ತದಿದ್ದರೆ ಅದು ಉಪದ್ರವವಲ್ಲ. ನನಗೆ ಈ ಭಾಗ ಓದಿದಾಗಲೆಲ್ಲ ಕಸಿವಿಸಿ. ಜಟ್ಟಿಗಳಿಗೆ ಈ ನಿಯಮ ಚೆನ್ನಾಗಿ ಒಗ್ಗುತ್ತದೆ. ಅಲ್ಬೇನಿಯಾದ ನೌಕೆಗಳು ಥೇಮ್ಸ್ ಮುಖಜದ ಎದುರು ಇದೇ ಪರೀಕ್ಷೆ ನಡೆಸುವ ಕಾಲ ಎಂದೂ ಬರುವುದಿಲ್ಲವಲ್ಲ.

ಆದರೆ ತೀರ್ಪು ಅಲ್ಲಿಗೇ ನಿಲ್ಲಲಿಲ್ಲ ಎನ್ನುವುದು ಅದರ ದೊಡ್ಡತನ. ನವೆಂಬರಿನ ಜಾಲಾಟದ ಬಗ್ಗೆ ನ್ಯಾಯಾಧೀಶರು ಒಮ್ಮತದಿಂದ ಬ್ರಿಟನ್ ತಪ್ಪಿತಸ್ಥ ಎಂದರು. ಸಾಕ್ಷ್ಯ ರಕ್ಷಿಸಲು ನುಗ್ಗಿದೆವು ಎಂಬ ವಾದವನ್ನು ಒಪ್ಪಲಿಲ್ಲ. ಇಂಥ ಮಧ್ಯಪ್ರವೇಶದ ಹಕ್ಕು ಬಲಿಷ್ಠರಿಗೆ ಮಾತ್ರ ದಕ್ಕುವಂಥದು, ಹಿಂದೆ ದುರುಪಯೋಗವಾದದ್ದು, ಅದಕ್ಕೆ ಕಾನೂನಿನಲ್ಲಿ ಜಾಗವಿಲ್ಲ ಎಂಬುದು ಅವರ ನಿಲುವು. ದಾರಿಯಲ್ಲಿ ನಡೆಯಬಹುದು, ದಾರಿಯಲ್ಲಿ ಮುಳ್ಳು ಸಿಕ್ಕಿತೆಂದು ತೋಟ ಅಗೆಯಬಾರದು.

ಡಿಸೆಂಬರ್ 15, 1949ರಂದು ಪರಿಹಾರದ ಮೊತ್ತ ನಿಗದಿಯಾಯಿತು: 8,43,947 ಪೌಂಡ್. ಅದರಲ್ಲಿ ಎರಡು ಹಡಗುಗಳ ಲೆಕ್ಕ 7,93,899. ಸತ್ತವರು ಮತ್ತು ಗಾಯಗೊಂಡವರ ಲೆಕ್ಕ 50,048. ಯಾವ ಎಕ್ಸೆಲ್ ಶೀಟಿನಲ್ಲೂ ಇಷ್ಟು ಎದೆ ಕುಗ್ಗಿಸುವ ವಿಭಜನೆಯನ್ನು ನಾನು ಕಂಡಿಲ್ಲ. ಅಲ್ಬೇನಿಯಾ ಕಾಸೂ ಕೊಡಲಿಲ್ಲ. ನಾಜಿಗಳು ರೋಮಿನಿಂದ ದೋಚಿದ್ದ ಅಲ್ಬೇನಿಯಾದ ಚಿನ್ನ ಯುದ್ಧಾನಂತರ ಮಿತ್ರರಾಷ್ಟ್ರಗಳ ವಶದಲ್ಲಿತ್ತು. ಬ್ರಿಟನ್ ಅದರ ಮೇಲೆ ಕಣ್ಣಿಟ್ಟಿತು. ವಿಷಯ 1954ರಲ್ಲಿ ಮತ್ತೆ ಅದೇ ನ್ಯಾಯಾಲಯಕ್ಕೆ ಹೋಗಿ ಇತ್ಯರ್ಥವಾಗದೆ ಮರಳಿತು. ಶೀತಲ ಸಮರ ಮುಗಿದು, 1991ರಲ್ಲಿ ರಾಜತಾಂತ್ರಿಕ ಸಂಬಂಧ ಮರಳಿದ ಮೇಲೆ, 1992ರಲ್ಲಿ ಒಪ್ಪಂದವಾಯಿತು. ಅಲ್ಬೇನಿಯಾ 20 ಲಕ್ಷ ಡಾಲರ್ ಕೊಡಬೇಕು, ಸುಮಾರು ಒಂದೂವರೆ ಟನ್ ಚಿನ್ನ ಅದಕ್ಕೆ ಮರಳಬೇಕು. ಅದು ಕೈಗೂಡಿದ್ದು 1996ರಲ್ಲಿ. ಒಂದು ಮಧ್ಯಾಹ್ನದ ಲೆಕ್ಕ ಚುಕ್ತಾ ಆಗಲು ಐವತ್ತು ವರ್ಷ ಬೇಕಾಯಿತು.

ಕಾನೂನು ಮಾತ್ರ ಬೇಗ ಬೆಳೆಯಿತು. 1958ರ ಜಿನೀವಾ ಒಪ್ಪಂದ, ನಂತರ 1982ರ ಸಮುದ್ರ ಕಾನೂನು ಒಪ್ಪಂದ. ಪ್ರಾದೇಶಿಕ ಸಮುದ್ರದ ಮಿತಿ 12 ನಾಟಿಕಲ್ ಮೈಲಿ, ಅಂದರೆ 22 ಕಿಲೋಮೀಟರ್. ಉಪದ್ರವ ಎಂದರೇನು ಎಂಬುದಕ್ಕೆ 19ನೇ ವಿಧಿಯಲ್ಲಿ ಹನ್ನೆರಡು ಬಾಬತ್ತುಗಳ ಪಟ್ಟಿ: ಬಲಪ್ರಯೋಗದ ಬೆದರಿಕೆ, ಆಯುಧದ ಅಭ್ಯಾಸ, ಮಾಹಿತಿ ಸಂಗ್ರಹ, ವಿಮಾನ ಹಾರಿಸುವುದು, ಮೀನು ಹಿಡಿಯುವುದು, ಉದ್ದೇಶಪೂರ್ವಕ ಗಂಭೀರ ಮಾಲಿನ್ಯ ಹೀಗೆ. ಸಬ್‌ಮರೀನ್ ನೀರ ಮೇಲೆ ಬಂದು ಧ್ವಜ ತೋರಿಸುತ್ತ ಸಾಗಬೇಕು. ಅಡಿಕೆ ಹೆಕ್ಕಬಾರದು, ಇಣುಕಬಾರದು, ಮುಖ ಮುಚ್ಚಿಕೊಂಡು ಹೋಗಬಾರದು. ಆದರೆ ಯುದ್ಧನೌಕೆ ಮುಂಚಿತವಾಗಿ ತಿಳಿಸಬೇಕೇ ಎಂಬ ಪ್ರಶ್ನೆಗೆ ಒಪ್ಪಂದದಲ್ಲಿ ನೇರ ಉತ್ತರ ಬರೆಯಲಿಲ್ಲ. 1988ರ ಫೆಬ್ರುವರಿಯಲ್ಲಿ ಕಪ್ಪು ಸಮುದ್ರದಲ್ಲಿ ಸೋವಿಯತ್ ನೌಕೆಗಳು ಅಮೆರಿಕದ ಯಾರ್ಕ್‌ಟೌನ್, ಕ್ಯಾರನ್ ಹಡಗುಗಳಿಗೆ ಬೇಕೆಂದೇ ಡಿಕ್ಕಿ ಹೊಡೆದವು. ಮರುವರ್ಷ ಜ್ಯಾಕ್ಸನ್ ಹೋಲ್‌ನಲ್ಲಿ ಎರಡೂ ದೇಶಗಳು ಕೂತು, ಯುದ್ಧನೌಕೆಗೂ ಸೂಚನೆಯೂ ಬೇಡ ಅಪ್ಪಣೆಯೂ ಬೇಡ ಎಂದು ಒಪ್ಪಿಕೊಂಡವು. ಕೊರ್ಫು ವ್ಯಾಜ್ಯದಲ್ಲಿ ಭಿನ್ನಮತ ಬರೆದವರಲ್ಲಿ ಒಬ್ಬರು ಸೋವಿಯತ್ ನ್ಯಾಯಾಧೀಶ ಕ್ರಿಲೋವ್. ನಲವತ್ತು ವರ್ಷಗಳಲ್ಲಿ ಅವರ ದೇಶಕ್ಕೂ ದೊಡ್ಡ ನೌಕಾಪಡೆ ಬಂದಿತ್ತು, ಅಭಿಪ್ರಾಯವೂ ಬದಲಾಗಿತ್ತು.

ಹಾಗಾದರೆ ನಾವೆಲ್ಲಿದ್ದೇವೆ? ಭಾರತದ 1976ರ ಕಡಲ ವಲಯಗಳ ಕಾಯ್ದೆ ವಿದೇಶಿ ಹಡಗುಗಳಿಗೆ ನಿರುಪದ್ರವ ಸಂಚಾರದ ಹಕ್ಕು ಕೊಡುತ್ತದೆ, ಯುದ್ಧನೌಕೆ ಮತ್ತು ಸಬ್‌ಮರೀನುಗಳನ್ನು ಬಿಟ್ಟು. ಅವು ಕೇಂದ್ರ ಸರ್ಕಾರಕ್ಕೆ ಮುಂಚಿತವಾಗಿ ತಿಳಿಸಿ ಬರಬೇಕು. ಅಪ್ಪಣೆಯಲ್ಲ, ಸೂಚನೆ. ಚೀನಾದ 1992ರ ಕಾನೂನು ಅಪ್ಪಣೆಯನ್ನೇ ಕೇಳುತ್ತದೆ. 2021ರ ಏಪ್ರಿಲ್ 7ರಂದು ಅಮೆರಿಕದ ಜಾನ್ ಪಾಲ್ ಜೋನ್ಸ್ ನೌಕೆ ಲಕ್ಷದ್ವೀಪದ ಪಶ್ಚಿಮಕ್ಕೆ ನಮ್ಮ ವಿಶೇಷ ಆರ್ಥಿಕ ವಲಯದಲ್ಲಿ ಸಾಗಿ, ಭಾರತದ ಅನುಮತಿ ಕೇಳಲಿಲ್ಲ ಎಂದು ಹೇಳಿಕೆಯನ್ನೂ ಕೊಟ್ಟಿತು. ಅದು ಪ್ರಾದೇಶಿಕ ಸಮುದ್ರವಾಗಿರಲಿಲ್ಲ, ಕಾನೂನಿನ ಪ್ರಶ್ನೆ ಬೇರೆಯದೇ. ಆದರೆ ಹೇಳಿಕೆಯ ಧಾಟಿಯಲ್ಲಿ 1946ರ ತಂತಿಯ ವಾಸನೆ ನನಗೆ ಬಂತು. ಇನ್ನೊಂದು ಕಡೆ, 2011ರಲ್ಲಿ ವಿಯೆಟ್ನಾಂ ಕರಾವಳಿಯಿಂದಾಚೆ ನಮ್ಮ ಐರಾವತ್ ನೌಕೆಗೆ ಚೀನಾ ನೌಕಾಪಡೆಯ ಹೆಸರಿನಲ್ಲಿ ರೇಡಿಯೋ ಕರೆ ಬಂದಾಗ ಭಾರತ ಮುಕ್ತ ಸಂಚಾರದ ಪರವಾಗಿಯೇ ಮಾತಾಡಿತು. ಮನೆಯಲ್ಲಿ ಯಜಮಾನ, ಬೇರೆಡೆ ದಾರಿಹೋಕ. ಇದನ್ನು ಇಬ್ಬಂದಿತನ ಎನ್ನಲು ನನಗೆ ಮನಸ್ಸಿಲ್ಲ. ಎರಡೂ ಪಾತ್ರಗಳು ನಮಗೆ ನಿಜ.

ಮುಂಬಯಿ-ಗುಜರಾತ್ ಕಡೆಯ ಓದುಗರಿಗೆ ನೆಲದ ಮೇಲಿನ ಒಂದು ತದ್ರೂಪಿ ವ್ಯಾಜ್ಯ ನೆನಪಿಸಬೇಕು. ದಾದ್ರಾ ಮತ್ತು ನಗರ ಹವೇಲಿ 1954ರಲ್ಲಿ ಪೋರ್ಚುಗೀಸರ ಕೈಯಿಂದ ಜಾರಿದಾಗ, ದಮನ್‌ನಿಂದ ಅಲ್ಲಿಗೆ ಭಾರತದ ನೆಲದ ಮೇಲೆ ಹಾಯುವ ಹಕ್ಕು ತಮಗಿದೆ ಎಂದು ಪೋರ್ಚುಗಲ್ ಇದೇ ನ್ಯಾಯಾಲಯಕ್ಕೆ ಹೋಯಿತು. ನಮ್ಮ ಕಡೆಯಿಂದ ತಾತ್ಕಾಲಿಕ ನ್ಯಾಯಾಧೀಶರಾಗಿ ಕೂತವರು ಎಂ. ಸಿ. ಛಾಗ್ಲಾ. 1960ರ ಏಪ್ರಿಲ್ 12ರ ತೀರ್ಪು ಹೇಳಿದ್ದು: ಹಳೆಯ ರೂಢಿಯಂತೆ ಜನ, ಸಿವಿಲ್ ಅಧಿಕಾರಿಗಳು, ಸರಕು ಹಾಯಬಹುದಿತ್ತು, ಸೈನ್ಯ ಮತ್ತು ಆಯುಧಕ್ಕೆ ಆ ಹಕ್ಕಿಲ್ಲ, ಅಂದಿನ ಉದ್ವಿಗ್ನತೆಯಲ್ಲಿ ಭಾರತ ದಾರಿ ನಿಲ್ಲಿಸಿದ್ದು ತಪ್ಪಲ್ಲ. ಒಮ್ಮೆ ನಮ್ಮ ಕಡಲಿಗೆ ರಹದಾರಿ ಚೀಟಿ ಹಂಚಿದವರೇ ನಮ್ಮ ನೆಲದಲ್ಲಿ ದಾರಿ ಕೇಳಿ ಕಟಕಟೆ ಹತ್ತಿದ್ದು ಇತಿಹಾಸದ ತಮಾಷೆ.

ಕೊರ್ಫುವಿನ ನೀರು ನನ್ನ ವೃತ್ತಿಯ ಹೊಸ್ತಿಲಿಗೂ ಬಂದಿದೆ. ಸೈಬರ್ ದಾಳಿಗಳಿಗೆ ಅಂತಾರಾಷ್ಟ್ರೀಯ ಕಾನೂನು ಹೇಗೆ ಅನ್ವಯವಾಗುತ್ತದೆ ಎಂದು ತಜ್ಞರು ಬರೆದ 'ಟ್ಯಾಲಿನ್ ಕೈಪಿಡಿ'ಯ 2017ರ ಆವೃತ್ತಿ, ತನ್ನ ನೆಲದ ಸರ್ವರುಗಳಿಂದ ಇನ್ನೊಂದು ದೇಶಕ್ಕೆ ಕೇಡಾಗುವುದು ಗೊತ್ತಿದ್ದೂ ಸುಮ್ಮನಿರುವಂತಿಲ್ಲ ಎನ್ನುವಾಗ ನಿಂತಿರುವುದು 1949ರ ಈ ತೀರ್ಪಿನ ಮೇಲೆ. ಸಿಡಿಮದ್ದು ಹಾಕಿದವನು ಸಿಗದಿರಬಹುದು. ನೋಡಿಯೂ ಕೂಗದವನು ಹೊಣೆಗಾರನೇ.

ಸೂಚನೆ ಬೇಕೋ ಬೇಡವೋ ಎಂಬ ವಾದ ಇನ್ನೂ ನೂರು ವರ್ಷ ನಡೆಯಬಹುದು. ನನ್ನ ಮಟ್ಟಿಗೆ ನಮ್ಮ 1976ರ ಕಾಯ್ದೆಯ ನಡುದಾರಿ ಸರಿಯೆನಿಸುತ್ತದೆ. ದಾಟುವ ಜಟ್ಟಿ ಒಂದು ಕೂಗು ಹಾಕಿ ಹೋಗಲಿ, ಯಜಮಾನ ಬೇಡವೆನ್ನದಿರಲಿ. ಆದರೆ ಕೊರ್ಫು ತೀರ್ಪಿನಲ್ಲಿ ವಾದಕ್ಕೆ ಎಡೆಯೇ ಇಲ್ಲದ ಮಾತೆಂದರೆ ಎಚ್ಚರಿಕೆಯದು. ಬಂದವನು ಜಂಬದಿಂದ ಬಂದಿರಬಹುದು, ಹೇಳದೆ ಬಂದಿರಬಹುದು. ದಾರಿಯಲ್ಲಿ ಗುಂಡಿ ಇದೆ ಎಂದು ಗೊತ್ತಿದ್ದವನು ಮೊದಲು ಕೂಗಿ ಹೇಳಬೇಕು, ಜಗಳ ಆಮೇಲೆ.